ಒಂಬತ್ತು ಚುಕ್ಕೆಗಳ ಬೀಗ

ನಮ್ಮ ಮನೆಗೆ ಮೊದಲ ಸ್ಮಾರ್ಟ್‌ಫೋನ್ ಬಂದದ್ದು ನನ್ನ ನೆಗೆಣ್ಣಿಯ ಕೈಯಲ್ಲಿ. ನೆಗೆಣ್ಣಿ ಎಂದರೆ ಮೈದುನನ ಹೆಂಡತಿ. ಆ ಮನೆಗೆ ನಾನು ಹಿರಿಯ ಸೊಸೆ, ಅವಳು ಕಿರಿಯಳು. ಅವಳು ಬರುವ ಮೊದಲು ಎಂಟು ವರ್ಷ ನಾನೊಬ್ಬಳೇ ಸೊಸೆಯಾಗಿದ್ದೆ. ಬೈಸಿಕೊಳ್ಳುವುದಕ್ಕೂ ನಾನೇ, ಹೊಗಳಿಸಿಕೊಳ್ಳುವುದಕ್ಕೂ ನಾನೇ. ಹೊಗಳಿಕೆ ಕಡಿಮೆಯೇ ಇತ್ತು ಅನ್ನಿ, ಆದರೆ ಇದ್ದಷ್ಟಕ್ಕೆ ಪಾಲುದಾರರಿರಲಿಲ್ಲ.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮನೆ. ಕೆಳಗೆ ಪಡಸಾಲೆ, ಅಡುಗೆಮನೆ, ಮಾವನವರ ಕಾಳಿನ ಚೀಲಗಳು. ಮಾಳಿಗೆಯ ಮೇಲೆ ಗಾಳಿ ಬೆಳಕಿನ ಒಂದೇ ಒಂದು ಖೋಲಿ, ಅದು ಮೈದುನನ ಮದುವೆಯಾದ ದಿನವೇ ಹೊಸ ಜೋಡಿಗೆ ಹೋಯಿತು. ನಾನು ಹತ್ತಿರದ ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯವಳು, ಪಿಯುಸಿಗೆ ಓದು ನಿಲ್ಲಿಸಿ ಬಂದವಳು. ಅವಳು ಧಾರವಾಡದವಳು, ಬಿ.ಕಾಂ. ಮಾಡಿದವಳು, ಮಾತು ಬಹಳ ಮೆತ್ತಗೆ. ನಾನು ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗೆ ಕೇಳುತ್ತದೆ ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಿದ್ದರು. ಅವಳು ಬಾಯಿ ತೆರೆದರೆ ಅತ್ತೆಯವರು ಕಾಳು ಆರಿಸುವುದನ್ನು ಬಿಟ್ಟು ಕೇಳುತ್ತಿದ್ದರು.

ಹನ್ನೆರಡು ಹದಿಮೂರು ವರ್ಷಗಳ ಹಿಂದಿನ ಮಾತು. ಪಂಚಮಿ ಹಬ್ಬಕ್ಕೆ ಇಬ್ಬರೂ ತವರಿಗೆ ಹೋಗಿ ಬಂದೆವು. ನನ್ನ ತಮ್ಮಂದಿರು ಒಂದು ಡಬ್ಬಿ ತುಂಬ ಉಂಡಿ, ಒಂದು ಸೀರೆ ಕೊಟ್ಟಿದ್ದರು. ಸೀರೆಯ ಬಣ್ಣ ನಾನು ಹಿಂದಿನ ವರ್ಷ ಉಟ್ಟು ಹರಿದದ್ದರದ್ದೇ. ಅವಳ ಅಣ್ಣ ಈ ಸಲ ಸೀರೆ ಬೇಡವೆಂದು ಫೋನ್ ಕೊಡಿಸಿದ್ದ. ಅವಳು ಚೀಲದಿಂದ ಅದನ್ನು ತೆಗೆದು ಪಡಸಾಲೆಯಲ್ಲಿ ಇಟ್ಟಾಗ ನನ್ನ ಉಂಡಿ ಡಬ್ಬಿಯ ಮುಚ್ಚಳವನ್ನು ಯಾರೂ ತೆಗೆದು ನೋಡಲಿಲ್ಲ.

ಅದರೊಳಗಿರುವುದು ಆಂಡ್ರಾಯ್ಡ್ ಎಂದಳು. ಫೋನು ಬೇರೆ, ಅದನ್ನು ನಡೆಸುವ ಆಂಡ್ರಾಯ್ಡ್ ಬೇರೆ, ಅದು ವರ್ಷವರ್ಷವೂ ಹೊಸದಾಗಿ ಬರುತ್ತದೆ, ಬಂದಾಗಲೆಲ್ಲ ಒಂದೊಂದು ಸಿಹಿತಿಂಡಿಯ ಹೆಸರು ಇಡುತ್ತಾರೆ, ಇದರದ್ದು ಶುಂಠಿ ಹಾಕಿದ ಒಂದು ಕೇಕಿನ ಹೆಸರು ಎಂದು ವಿವರಿಸಿದಳು. ಹಾಗಾದರೆ ಧಾರವಾಡ ಪೇಡೆಯ ಹೆಸರಿನದು ಯಾವಾಗ ಬರುತ್ತದೆ ಕೇಳು ಎಂದು ಮಾವನವರು ನಗಾಡಿದರು. ಮಾವನವರು ನಗಾಡುವವರೇ ಅಲ್ಲ. ನಾನು ಬಂದ ಇಷ್ಟು ವರ್ಷಗಳಲ್ಲಿ ನನ್ನ ಮಾತಿಗೆ ಅವರು ನಕ್ಕದ್ದು ನನಗೆ ನೆನಪಿಲ್ಲ.

ಈಗಿನ ಹುಡುಗರಿಗೆ ಆ ಫೋನ್ ತೋರಿಸಿದರೆ ಆಟಿಕೆ ಅಂದಾರು. ಪರದೆ ಅಂಗೈಯ ಅರ್ಧಕ್ಕೂ ಬರುತ್ತಿರಲಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದ್ದು ಮಧ್ಯಾಹ್ನಕ್ಕೆ ಖಾಲಿ. ಆದರೆ ಅವತ್ತು ಅದರ ಒಂದೊಂದು ಗುಣವೂ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿತು. ಮೇಲಿನ ಅಂಚಿನಿಂದ ಬೆರಳು ಎಳೆದರೆ ಒಂದು ಹಾಳೆ ಕೆಳಗಿಳಿದು ಯಾರು ಫೋನ್ ಮಾಡಿದ್ದರು, ಯಾವ ಸುದ್ದಿ ಬಂದಿದೆ ಎಂದು ಹೇಳುತ್ತಿತ್ತು. ಎರಡು ಬೆರಳು ಅಗಲಿಸಿದರೆ ಫೋಟೊ ದೊಡ್ಡದಾಗುತ್ತಿತ್ತು. ಪರದೆಯ ಹಿಂದಿನ ಚಿತ್ರ ಬರೀ ಚಿತ್ರವಲ್ಲ, ನೀರು. ನೀರಿನಲ್ಲಿ ಎಲೆಗಳು ತೇಲುತ್ತಿದ್ದವು, ಬೆರಳು ತಾಗಿಸಿದರೆ ಅಲೆ ಏಳುತ್ತಿತ್ತು. ಅತ್ತೆಯವರು ಬೆರಳಿಟ್ಟವರೇ ತಟ್ಟನೆ ತೆಗೆದು ಸೆರಗಿಗೆ ಒರೆಸಿಕೊಂಡರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಅಡುಗೆಮನೆಯಿಂದ ಬಂದು ಬೆರಳಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಕೈ, ನೀರಿನ ಮೇಲೆ ಜೋಳದ ಹಿಟ್ಟು ಕೂತಿತು. ಅವಳು ಏನೂ ಅನ್ನದೆ ಒರೆಸಿಕೊಂಡಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು, ನನಗೊಂದು ಕಾರಣ ಸಿಗುತ್ತಿತ್ತು.

ಒಂದೇ ಒಂದು ಸಲ ನಾನು ಗೆದ್ದೆ. ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಯಾವತ್ತು ಬಿಡುತ್ತಾರೆಂದು ಓಣಿಯ ಹಿರಿಯರೊಬ್ಬರು ಎಲ್ಲರಿಗೂ ಕನ್ನಡದಲ್ಲಿ ಮೆಸೇಜ್ ಹಾಕುತ್ತಿದ್ದರು. ಅವಳ ಫೋನಿನಲ್ಲಿ ಅಕ್ಷರದ ಬದಲು ಖಾಲಿ ಚೌಕಗಳ ಸಾಲು ಬಂತು. ಆಗಿನ ಆಂಡ್ರಾಯ್ಡ್‌ಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಗುಂಡಿ ಒತ್ತುವ ಹಳೆಯ ಫೋನಿನಲ್ಲಿ ಅಕ್ಷರಗಳು ಮುತ್ತಿನ ಹಾಗೆ ಬಂದಿದ್ದವು. ನಾನು ಪಡಸಾಲೆಯ ನಡುವೆ ನಿಂತು, ಓಣಿಯ ಆ ತುದಿಗೂ ಕೇಳುವ ಹಾಗೆ ಓದಿದೆ. ಮೂರು ದಿನ ಹಿಗ್ಗಿಹಿಗ್ಗಿ ತಿರುಗಿದೆ. ನಾಲ್ಕನೆಯ ದಿನ ಅವಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿರೆಂದು ಆ ಹಿರಿಯರಿಗೆ ಮೆತ್ತಗೆ ಕೇಳಿಕೊಂಡಳು. ಅವರು ಹಾಗೇ ಮಾಡಿದರು. ನನ್ನ ಮೂರು ದಿನದ ಹಿಗ್ಗು ಅಲ್ಲಿಗೆ ಮುಗಿಯಿತು.

ಅವಳು ಓಣಿಯ ಹೆಣ್ಣುಮಕ್ಕಳಿಗೆ ಸೀರೆಯ ಜೊತೆ ತೊಡುವ ಜಂಪರ್ ಹೊಲಿದು ಕೊಡುತ್ತಿದ್ದಳು. ಮೊದಲು ಅಳತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದಳು. ಫೋನ್ ಬಂದ ಮೇಲೆ ಎಲ್ಲವನ್ನೂ ಅದರಲ್ಲಿ ಬರೆದುಕೊಂಡು ನೋಟ್‌ಬುಕ್ಕನ್ನು ರದ್ದಿಗೆ ಹಾಕಿದಳು. ಬೆನ್ನಿನ ಡಿಸೈನುಗಳ ಫೋಟೊ ತೆಗೆದಿಟ್ಟುಕೊಂಡು, ಬಂದವರಿಗೆ ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ತೋರಿಸುತ್ತಿದ್ದಳು. ಮಾಳಿಗೆಯ ಮೆಟ್ಟಿಲ ಮೇಲೆ ಚಪ್ಪಲಿಗಳ ಸಾಲು ಉದ್ದವಾಯಿತು. ನಾನು ಮಾತ್ರ ನನ್ನ ಜಂಪರನ್ನು ಬಜಾರಿನ ದರ್ಜಿಗೇ ಕೊಡುತ್ತಿದ್ದೆ. ಅವನು ಪ್ರತಿ ಸಲ ತೋಳು ಬಿಗಿ ಮಾಡುತ್ತಿದ್ದ. ಉಸಿರು ಬಿಗಿಹಿಡಿದು ತೊಟ್ಟುಕೊಳ್ಳುತ್ತಿದ್ದೆ.

ಇಷ್ಟನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ನನ್ನ ಮಗಳ ವಿಷಯ.

ಅವಳಿಗೆ ಆಗ ಏಳು ವರ್ಷ, ಎರಡನೆಯ ಇಯತ್ತೆ. ಸಾಲೆಯಿಂದ ಬಂದವಳು ಪಾಟಿಚೀಲ ಎಸೆದು ಸೀದಾ ಒಲೆಯ ಹತ್ತಿರ ನನ್ನ ಪಕ್ಕ ಕೂರುವವಳು. ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿಪುಡಿ ಹಚ್ಚಿಸಿಕೊಂಡು, ಯಾರು ಯಾರನ್ನು ನೂಕಿದರು, ಟೀಚರು ಯಾರ ಕಿವಿ ಹಿಂಡಿದರು ಎಲ್ಲ ಒಪ್ಪಿಸುವವಳು. ದಿನದಲ್ಲಿ ನನ್ನ ಜೊತೆ ಯಾರಾದರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರೆ ಅದು ಆ ಅರ್ಧ ಗಂಟೆ ಮಾತ್ರ. ಫೋನ್ ಬಂದ ತಿಂಗಳೊಳಗೆ ಆ ಅರ್ಧ ಗಂಟೆ ಮಾಳಿಗೆ ಹತ್ತಿತು. ರೊಟ್ಟಿಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿದ್ದಳು. ಮೇಲೆ ಅವಳೂ ಅವಳ ಚಿಗವ್ವನಾದ ನನ್ನ ನೆಗೆಣ್ಣಿಯೂ ತಲೆಗೆ ತಲೆ ತಾಗಿಸಿ ಹಣ್ಣು ಕತ್ತರಿಸುವ ಯಾವುದೋ ಆಟ ಆಡುತ್ತಿದ್ದರು. ನಗು ಬೆಳಕಿಂಡಿಯಿಂದ ಇಳಿದು ಸೀದಾ ನನ್ನ ತವೆಯ ಮೇಲೆ ಬೀಳುತ್ತಿತ್ತು. ಆ ದಿನಗಳಲ್ಲಿ ನನ್ನ ರೊಟ್ಟಿಗಳು ಬಹಳ ಸೀದವು.

ಫೋನಿಗೆ ಒಂದು ಬೀಗ ಇತ್ತು. ಬೀಗ ಎಂದರೆ ಕಪ್ಪು ಪರದೆಯ ಮೇಲೆ ಒಂಬತ್ತು ಚುಕ್ಕೆ, ಮೂರು ಸಾಲು, ಸಾಲಿಗೆ ಮೂರು. ಬೆರಳಿನಿಂದ ಅವನ್ನು ಯಾವುದೋ ಒಂದು ಬಗೆಯಲ್ಲಿ ಜೋಡಿಸಿದರೆ ತೆರೆಯುತ್ತಿತ್ತು. ಆ ಬಗೆ ಮೈದುನನಿಗೂ ಗೊತ್ತಿರಲಿಲ್ಲ. ನನ್ನ ಮಗಳಿಗೆ ಗೊತ್ತಿತ್ತು. ಒಮ್ಮೆ ಒಣಗಿದ ಬಟ್ಟೆ ತರಲು ಮೇಲೆ ಹೋದಾಗ ಅವಳು ಬೀಗ ತೆಗೆಯುತ್ತಿದ್ದವಳು ನನ್ನನ್ನು ಕಂಡು ಇನ್ನೊಂದು ಅಂಗೈಯಿಂದ ಪರದೆ ಮುಚ್ಚಿಕೊಂಡಳು. ಹೆತ್ತ ತಾಯಿಯ ಮುಂದೆ. ಏನದು ತೋರಿಸು ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಾನೇಕೆ ಕೇಳಲಿ ಎಂದು ಬಟ್ಟೆ ಎಳೆದುಕೊಂಡು ಇಳಿದೆ. ಅವತ್ತಿನಿಂದ ನನ್ನ ತಲೆಯಲ್ಲಿ ಆ ಒಂಬತ್ತು ಚುಕ್ಕೆ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಅದೊಂದು ಶನಿವಾರ, ಸಾಲೆ ಅರ್ಧ ದಿನ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಅಡ್ಡಾಗಿದ್ದರು. ನೆಗೆಣ್ಣಿ ಪಕ್ಕದ ಓಣಿಗೆ ಹೊಲಿದದ್ದನ್ನು ಕೊಡಲು ಹೋಗಿದ್ದಳು. ನಾನು ಮಾಳಿಗೆಗೆ ಹೋದೆ, ಬಟ್ಟೆ ತರುವ ನೆವ ಇದ್ದೇ ಇತ್ತು. ಫೋನ್ ಗೋಡೆಯ ಹತ್ತಿರ ಚಾರ್ಜಿಗೆ ಹಾಕಿತ್ತು. ಕಾಟಿನ ಮೇಲೆ ಕೂತು ಕೈಗೆತ್ತಿಕೊಂಡೆ.

ಚುಕ್ಕೆ ಎಂದರೆ ನನ್ನನ್ನು ಕೇಳಬೇಕು ಎಂಬ ಸೊಕ್ಕು ನನಗೆ. ಇಪ್ಪತ್ತೊಂದು ಚುಕ್ಕೆಯ ರಂಗೋಲಿಯನ್ನು ಕಣ್ಣಳತೆಯಲ್ಲೇ ಇಟ್ಟು ಎಳೆಯುವವಳು ಓಣಿಯಲ್ಲಿ ನಾನೊಬ್ಬಳೇ. ಇದು ಬರೀ ಒಂಬತ್ತು. ನಮ್ಮವ್ವ ನನಗೆ ಕಲಿಸಿದ್ದು, ಗೆರೆ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಕೂಡಬೇಕು, ಬಾಯಿ ಬಿಟ್ಟುಕೊಂಡ ಗೆರೆಯನ್ನು ಬಾಗಿಲ ಮುಂದೆ ಹಾಕಬಾರದು. ಹಾಗೇ ಎಳೆದೆ. ನಾಲ್ಕು ಮೂಲೆ ಸುತ್ತಿ ತಿರುಗಿ ಮೊದಲ ಚುಕ್ಕೆಗೆ ಬಂದೆ. ಫೋನ್ ಅದನ್ನು ಒಪ್ಪಲಿಲ್ಲ. ಒಮ್ಮೆ ಮುಟ್ಟಿದ ಚುಕ್ಕೆಯನ್ನು ಅದು ಮತ್ತೆ ಮುಟ್ಟಿಸಿಕೊಳ್ಳುತ್ತಲೇ ಇರಲಿಲ್ಲ. ಗೆರೆ ಕೆಂಪಾಗಿ ಅಳಿಸಿಹೋಯಿತು. ನಡುವಿನ ಚುಕ್ಕೆಯಿಂದ ಕಮಲದ ಎಸಳು ಎಳೆದೆ, ಕೆಂಪು. ಬಿಲ್ವಪತ್ರೆ, ಕೆಂಪು. ಐದು ಸಲ ತಪ್ಪಿದ ಮೇಲೆ ಅರ್ಧ ನಿಮಿಷ ಕಾಯಿರಿ ಎಂದಿತು. ಕಾದೆ. ಅಂಕಿಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತ, ಇವತ್ತು ನಿನ್ನನ್ನು ತೆಗೆದೇ ಬಿಡುತ್ತೇನೆ ಎಂದು ಅದಕ್ಕೆ ಹಲ್ಲು ಕಡಿದೆ. ಮತ್ತೆ ಐದು, ಮತ್ತೆ ಕಾದೆ. ಗೆರೆ ತೆರೆದೇ ಉಳಿಯಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ. ಒಳಗೆ ಏನಿದೆ ನೋಡಬೇಕೆಂದೂ ಅಲ್ಲ. ನನ್ನ ಮಗಳಿಗೂ ಅವಳಿಗೂ ನಡುವೆ ಇರುವ ಆ ಒಂದು ಗುಟ್ಟು ನನಗೂ ಬೇಕಿತ್ತು.

ಇಪ್ಪತ್ತು ಸಲ ಆಗಿರಬೇಕು. ಚುಕ್ಕೆಗಳೇ ಮಾಯವಾದವು. ಬಹಳ ಸಲ ತಪ್ಪಿದ್ದೀರಿ, ಇನ್ನು ಅಕೌಂಟಿನ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದು ಬಂತು. ಅಷ್ಟು ಓದಿಕೊಳ್ಳುವ ಇಂಗ್ಲಿಷ್ ನನಗಿತ್ತು. ಸೆರಗಿನಿಂದ ಒರೆಸಿ, ಇದ್ದಲ್ಲೇ ಇಟ್ಟು, ಬಟ್ಟೆಯ ಗಂಟು ಹೊತ್ತುಕೊಂಡು ಇಳಿದೆ. ಸುಳ್ಳು ಏಕೆ ಹೇಳಲಿ, ಅಡುಗೆಮನೆ ಮುಟ್ಟುವ ಹೊತ್ತಿಗೆ ಒಳಗೊಳಗೆ ಸ್ವಲ್ಪ ಖುಷಿಯೂ ಆಗಿತ್ತು. ನನಗೆ ತೆರೆಯದಿದ್ದರೆ ಅವಳಿಗೂ ತೆರೆಯುವುದಿಲ್ಲ.

ಸಂಜೆ ಚಹಾದ ಹೊತ್ತಿಗೆ ಗೊತ್ತಾಯಿತು. ನೆಗೆಣ್ಣಿ ಫೋನ್ ಹಿಡಿದುಕೊಂಡು ಇಳಿದು ಬಂದಳು, ಮುಖ ಇನ್ನೇನು ಅಳುವ ಹಾಗಿತ್ತು. ಮೈದುನ ಅವಳ ಅಣ್ಣನಿಗೆ ಫೋನ್ ಮಾಡಿದ, ಅಣ್ಣ ಧಾರವಾಡದ ಅಂಗಡಿಯವನಿಗೆ ಮಾಡಿದ. ಆಗೆಲ್ಲ ಹಾಗೇ, ಫೋನ್ ಮಾರಿದವನೇ ಅಕೌಂಟನ್ನೂ ಮಾಡಿ ಕೈಗೆ ಕೊಟ್ಟುಬಿಡುತ್ತಿದ್ದ. ಏನು ಹೆಸರು ಇಟ್ಟಿದ್ದನೋ, ಏನು ಪಾಸ್‌ವರ್ಡ್ ಹಾಕಿದ್ದನೋ ಅವನಿಗೂ ನೆನಪಿರಲಿಲ್ಲ. ಕೊಂಡವರು ಹೆಡ್‌ಫೋನ್ ಇದೆಯೇ, ಕವರ್ ಪುಕ್ಕಟೆಯೇ ಎಂದು ಕೇಳಿದ್ದರೇ ಹೊರತು ಪಾಸ್‌ವರ್ಡ್ ಎಂಬುದೊಂದು ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಎಲ್ಲ ಅಳಿಸಿ ಹೊಸದಾಗಿ ಶುರುಮಾಡುವುದೊಂದೇ ದಾರಿ ಎಂದನಂತೆ.

ಎಲ್ಲ ಎಂದರೆ ಎಲ್ಲ. ಲಗ್ನದ ದಿನಗಳು ಹತ್ತಿರ ಬಂದಿದ್ದವು, ಓಣಿಯ ಅರ್ಧ ಹೆಣ್ಣುಮಕ್ಕಳ ಅಳತೆ ಅದರಲ್ಲಿತ್ತು. ಬಟ್ಟೆ ಕತ್ತರಿಸುವುದಷ್ಟೇ ಬಾಕಿ ಇತ್ತು.

ಯಾರು ಮುಟ್ಟಿದರು ಎಂಬ ಮಾತು ಬಂತು. ಅತ್ತೆಯವರು ಕಣ್ಣು ತಿರುಗಿಸಿದ್ದು ನನ್ನ ಕಡೆಗಲ್ಲ. ನನಗೆ ಫೋನ್ ಹಿಡಿಯುವುದೂ ಬಾರದು ಎಂಬುದು ಮನೆಯಲ್ಲಿ ಎಲ್ಲರ ನಂಬಿಕೆಯಾಗಿತ್ತು. ಅದನ್ನು ತೆಗೆಯಲು ಬರುವುದು ಈ ಹುಡುಗಿಗೆ, ಮಧ್ಯಾಹ್ನ ಮಲಗದೆ ಓಡಾಡಿಕೊಂಡಿದ್ದವಳೂ ಇವಳೇ ಎಂದರು. ನಮ್ಮ ಮನೆಯವರು ಮಗಳ ಕಿವಿಗೆ ಕೈ ಹಾಕಿದರು. ಅವಳು ನೋವಿಗೆ ತಲೆ ಓರೆ ಮಾಡಿಕೊಂಡು ನನ್ನತ್ತ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ನಾನು ಕಪ್ಪುಬಸಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆ.

“ನಾನ ಮಾಡೇನಿ, ಚಿಗವ್ವ,” ಎಂದಳು. “ಆಟಾ ಆಡಾಕ ತಗೊಂಡಿದ್ದೆ. ಗೆರಿ ಮರತೆ.”

ಹೇಳಬೇಕು ಎಂದು ಬಾಯಿಗೆ ಬಂದದ್ದನ್ನು ತಡೆದದ್ದು ಹೆದರಿಕೆ ಅಲ್ಲ, ಮಾನ. ಅವಳ ಮುಂದೆ, ಆ ಧಾರವಾಡದವಳ ಮುಂದೆ, ನಾನು ಕದ್ದು ಮುಟ್ಟಿದೆ ಎಂದು ಹೇಳುವುದು ಹೇಗೆ? ಅಷ್ಟರಲ್ಲಿ ನೆಗೆಣ್ಣಿ ಬಂದು ನಮ್ಮ ಮನೆಯವರ ಕೈ ಬಿಡಿಸಿದಳು. ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೋಗಲಿ ಬಿಡು, ಅಳತೆ ಮತ್ತೆ ತಗೊಂಡರಾಯಿತು ಎಂದು ಕೆಂಪಗಾದ ಕಿವಿ ತಿಕ್ಕಿದಳು. ನನ್ನ ಮಗಳು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತಳು. ಆ ಕ್ಷಮೆ ನನಗೆ ಸೇರಬೇಕಾದದ್ದು. ಅದನ್ನು ಪಡೆದದ್ದು ನನ್ನ ಮಗಳು, ಕೊಟ್ಟದ್ದು ಅವಳು. ನನ್ನ ಕೈಯಲ್ಲಿ ಎಂಜಲು ಕಪ್ಪುಬಸಿ.

ಮುಂದಿನ ವಾರವಿಡೀ ಅವಳು ಟೇಪು ಹಿಡಿದುಕೊಂಡು ಮನೆಮನೆ ತಿರುಗಿದಳು. ಕೆಲವರು ನಕ್ಕರು, ಒಬ್ಬಿಬ್ಬರು ಬಟ್ಟೆಯನ್ನೇ ವಾಪಸು ತೆಗೆದುಕೊಂಡರು. ಅಳಿಸಿ ಬಂದ ಫೋನಿನಲ್ಲಿ ನೀರು, ಎಲೆ ಎಲ್ಲ ಹಾಗೇ ಇದ್ದವು. ಅಳತೆ ಇರಲಿಲ್ಲ, ನನ್ನ ಮಗಳ ಫೋಟೊಗಳಿರಲಿಲ್ಲ. ಹಲ್ಲು ಬಿದ್ದದ್ದು, ಸಾಲೆಯ ಗ್ಯಾದರಿಂಗಿನಲ್ಲಿ ಕುಣಿದದ್ದು, ಎಲ್ಲವನ್ನೂ ಅವಳೇ ತೆಗೆದಿದ್ದಳು. ನನ್ನ ಹತ್ತಿರ ಅವುಗಳ ಇನ್ನೊಂದು ಪ್ರತಿ ಇಲ್ಲ, ಇಂದಿಗೂ ಇಲ್ಲ.

ಮಗಳು ಮಾತ್ರ ನನ್ನ ಹತ್ತಿರ ಬಂದಳು. ಅಜ್ಜಿ ಮಾಳಿಗೆ ಹತ್ತಬೇಡ ಎಂದು ಕಟ್ಟುನಿಟ್ಟು ಮಾಡಿದ್ದರು. ಸಾಲೆ ಬಿಟ್ಟ ಮೇಲೆ ಒಲೆಯ ಪಕ್ಕ, ಮೊದಲಿನ ಜಾಗದಲ್ಲೇ ಕೂರುತ್ತಿದ್ದಳು. ನಾನು ಬೇಡಿಕೊಂಡದ್ದು ಇದನ್ನೇ ತಾನೆ. ಬೆಣ್ಣೆ ಹೆಚ್ಚಿಗೆ ಹಚ್ಚಿದೆ. ಸಾಲೆಯಲ್ಲಿ ಏನಾಯಿತೆಂದು ಕೇಳಿದೆ. ಏನಿಲ್ಲ ಎಂದಳು. ಟೀಚರು ಬೈದರಾ? ಇಲ್ಲ. ರೊಟ್ಟಿ ತಿಂದು, ಕೈ ತೊಳೆದು, ಪುಸ್ತಕ ತೆಗೆದುಕೊಂಡು ಪಡಸಾಲೆಗೆ ಹೋಗುತ್ತಿದ್ದಳು. ಹೀಗೆ ಎಂಟು ಹತ್ತು ದಿನ.

ಒಂದು ಬೆಳಿಗ್ಗೆ ಸಾಲೆಗೆ ಹೊರಡುವಾಗ ಅವಳ ಜಡೆ ಹಾಕುತ್ತಿದ್ದೆ. ಮುಖ ಕಾಣಿಸದಿದ್ದರೆ ಕೇಳುವುದು ಸುಲಭ. ಮುಟ್ಟದೆ ಇದ್ದದ್ದನ್ನು ಮುಟ್ಟಿದೆ ಎಂದು ಏಕೆ ಹೇಳಿದೆ ಎಂದು ಕೇಳಿದೆ.

“ನೀ ಕಾಟಿನ ಮ್ಯಾಲ ಕುಂತು ತಿಕ್ಕಾಕತ್ತಿದ್ದಿ, ನಾ ಬಾಗಲದಾಗ ನಿಂತಿದ್ದೆ,” ಎಂದಳು. “ಹೇಳಿದ್ರ ಎಲ್ಲಾರೂ ನಿನಗ ಬೈತಿದ್ರು.”

ನನ್ನ ಕೈ ನಿಂತಿತು. ಅವಳು ತಿರುಗಲಿಲ್ಲ. ಪಾಠ ಒಪ್ಪಿಸುವ ಧ್ವನಿಯಲ್ಲಿ ಇನ್ನೊಂದು ಮಾತು ಹೇಳಿದಳು.

“ಯಾರಿಗೂ ತೋರಸಬ್ಯಾಡ, ಅವ್ವ ಕೇಳಿದ್ರ ಅಷ್ಟ ತೋರಸು ಅಂತ ಚಿಗವ್ವ ಹೇಳಿದ್ಲು. ನೀ ಕೇಳಲೇ ಇಲ್ಲ.”

ಅರ್ಧ ಹೆಣೆದ ಜಡೆ ಬಿಟ್ಟು ಮಾಳಿಗೆ ಹತ್ತಿದೆ. ಈಗ ಹೋಗದಿದ್ದರೆ ಎಂದೂ ಹೋಗುವುದಿಲ್ಲ ಎಂದು ನನಗೇ ಗೊತ್ತಿತ್ತು. ನೆಗೆಣ್ಣಿ ಮಷೀನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ. ಅವತ್ತು ಮುಟ್ಟಿದವಳು ನಾನು, ಮಗಳಲ್ಲ, ಇಪ್ಪತ್ತು ಸಲ ತಿಕ್ಕಿದವಳು ನಾನು ಎಂದೆ. ಏಕೆ ಎಂಬುದನ್ನೂ ಹೇಳಿದೆ. ಫೋನು, ಅವಳ ಮಾತಿನ ರೀತಿ, ಪಂಚಮಿಯ ಸೀರೆ, ಮಾವನವರ ನಗು, ಎಲ್ಲ ಒಂದೇ ಉಸಿರಿಗೆ. ಅವಳು ಅತ್ತಾಳು, ಇಲ್ಲವೇ ತನ್ನ ಮೆತ್ತಗಿನ ಮಾತಿನಲ್ಲಿ ಇರಲಿ ಬಿಡಿ ಎಂದಾಳು ಎಂದುಕೊಂಡಿದ್ದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನು ನೋಡಿದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ಕಂಡದ್ದು.

“ಫೋನ್ ಹ್ವಾದ್ರ ಹೋಗಲಿ ಬಿಡ್ರಿ, ಅಕ್ಕಾರ,” ಎಂದಳು. “ಕೂಸು ಅಷ್ಟು ಮಂದಿ ಮುಂದ ಕಿವಿ ಹಿಂಡಿಸ್ಕೊಂಡು ನಾನ ಮಾಡೇನಿ ಅಂತು. ನೀವು ಅಲ್ಲೇ ಕುಂತಿದ್ರಿ.”

ನನ್ನ ಹಿಂದೆ ಮೆಟ್ಟಿಲ ಮೇಲೆ ಮಗಳು ಬಂದು ನಿಂತಿದ್ದಳು. ನೆಗೆಣ್ಣಿ ಎದ್ದು ನನ್ನನ್ನು ದಾಟಿ ಹೋಗಿ, ಅವಳನ್ನು ಮೇಲಿನ ಮೆಟ್ಟಿಲಿಗೆ ಕೂರಿಸಿ, ಬಿಚ್ಚಿಕೊಂಡಿದ್ದ ಜಡೆಯನ್ನು ಹೆಣೆಯತೊಡಗಿದಳು. ಮಗಳ ಪರವಾಗಿ ನನ್ನ ಮೇಲೆ ಸಿಟ್ಟಾಗಿದ್ದವಳು ಅವಳೊಬ್ಬಳೇ. ಹಾಗೆ ಸಿಟ್ಟಾಗಬೇಕಾದವಳು ನಾನಾಗಿದ್ದೆ. ಅದನ್ನೂ ಅವಳೇ ಮಾಡಿದಳೆಂದು, ನಿಂತ ನಿಲುವಿನಲ್ಲೇ, ನನಗೆ ಮತ್ತೆ ಹೊಟ್ಟೆ ಉರಿಯಿತು.